ಇಳಿಯುವ ಗುತ್ತೆವ್ವ

ನಮ್ಮ ಕಡವಿನಲ್ಲಿ ಹರಿಗೋಲು ಹತ್ತಿದವರು ಇಳಿಯುತ್ತಿರಲಿಲ್ಲ. ಆಚೆ ದಂಡೆ ಮುಟ್ಟಿದ ಮೇಲೆ ಇಳಿಯುತ್ತಿದ್ದರು, ಅದು ಬೇರೆ ಮಾತು. ಈಚೆ ದಂಡೆಯಲ್ಲಿ ಅಂಬಿಗ ಹರಿಗೋಲಿನ ಅಂಚಿಗೆ ಅರಿಷಿಣ ಕುಂಕುಮ ಹಚ್ಚಿ, ಬೊಗಸೆ ನೀರು ಚಿಮುಕಿಸಿ, "ದಾಟಸವ್ವಾ ಗಂಗವ್ವಾ" ಎಂದು ಕೈಮುಗಿದನೋ, ಮುಗಿಯಿತು. ಆಮೇಲೆ ಇಳಿದರೆ ಆ ಸರತಿಯ ಗಂಡಾಂತರವೆಲ್ಲ ಇಳಿದವನ ಬೆನ್ನು ಹತ್ತಿ ಅವನ ಮನೆಗೆ ಹೋಗುತ್ತದಂತೆ. ಹೊಳೆಯಲ್ಲಿ ತೆಗೆದುಕೊಳ್ಳಬೇಕಾದ ಜೀವವನ್ನು ಗಂಗವ್ವ ಅವನ ಹೊಸ್ತಿಲೊಳಗಿಂದ ತೆಗೆದುಕೊಳ್ಳುತ್ತಾಳಂತೆ. ಯಾವ ಪುಣ್ಯಾತ್ಮ ಹೇಳಿದನೋ, ಅವನ ಬಾಯಿಗೆ ಮಣ್ಣು ಬೀಳಲಿ.

ಈ ಕಾಟ ಮೊದಲು ಇಳಿದವನಿಗೆ ಮಾತ್ರ. ಅವನು ಹೊತ್ತುಕೊಂಡು ಹೋದ ಮೇಲೆ ಹಿಂದಿನಿಂದ ಎಷ್ಟು ಮಂದಿ ಬೇಕಾದರೂ ಇಳಿಯಬಹುದು. ಆದರೆ ಇಳಿದವನು ಅದೇ ಸರತಿಗೆ ಮತ್ತೆ ಹತ್ತಬಾರದು. ಹತ್ತಿದರೆ ಹೊತ್ತದ್ದನ್ನೆಲ್ಲ ತಿರುಗಿ ತಂದು ಕುಳಿತವರ ಉಡಿಯಲ್ಲಿ ಸುರಿದಂತೆ. ಅಂಬಿಗರ ಮನೆಯವರು ಇಳಿದರೆ ಲೆಕ್ಕಕ್ಕಿಲ್ಲ. "ಹೊಳಿ ಅಂದ್ರ ನಿಮಗ ತವರಮನಿ, ತವರಿನಾಕಿ ಮಗಳಿಗೆ ಕೇಡ ಮಾಡ್ತಾಳೇನ?" ಎಂದು ನಮ್ಮನ್ನು ಬಿಟ್ಟುಬಿಡುತ್ತಿದ್ದರು. ನಾನು ಅಂಬಿಗರ ಸೊಸೆ, ಅಡಿವೆವ್ವ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು. ಈ ವಯಸ್ಸಿನಲ್ಲಿ ಇನ್ನೆಂಥ ನಾಚಿಕೆ? ನನ್ನ ಗಂಡ ನೀಲಪ್ಪ. ವರದಾ ಹೊಳೆಯ ಈ ದಂಡೆಗೆ ನಮ್ಮೂರು, ಆ ದಂಡೆಯಿಂದ ಸವಣೂರಿನ ದಾರಿ. ನಡುವೆ ಇದ್ದದ್ದು ನಮ್ಮದೊಂದೇ ಹರಿಗೋಲು.

ಗುತ್ತೆವ್ವ ಆಡೂರಿನಿಂದ ನಮ್ಮೂರಿಗೆ ಬಂದ ಸೊಸೆ. ಎಪ್ಪತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಅವಳ ಗಂಡ ಗುಡ್ಡಪ್ಪ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಸವಣೂರು ಸಂತೆಗೆ ಹೊರಟ. ರೊಟ್ಟಿಯ ಗಂಟು ಮರೆತಿದ್ದನೆಂದು ಅವಳು ಓಡಿಬಂದು ದಂಡೆಯಲ್ಲಿ ನಿಂತು ಕೊಟ್ಟಳು. ಆಗ ಹುಟ್ಟು ಹಾಕುತ್ತಿದ್ದವನು ನನ್ನ ಮಾವ. "ಹೊಳಿ ಏರಾಕತ್ತೇತಿ, ನಾಕ ಮಂದಿ ಇಳೀರಪಾ" ಎಂದ. ಯಾರು ಇಳಿಯುತ್ತಾರೆ? ಗುಡ್ಡಪ್ಪನೂ ಇಳಿಯಲಿಲ್ಲ, ಅವನಿಗೂ ಮನೆಯಲ್ಲಿ ಹೆಂಡತಿ ಇದ್ದಳಲ್ಲ! ನಡುಹೊಳೆಯಲ್ಲಿ ಸುಳಿ ತಿರುಗಿಸಿತು, ಮಂದಿ ಅಂಜಿ ಒಂದೇ ಮಗ್ಗುಲಿಗೆ ಸರಿದರು, ಹರಿಗೋಲು ಬೋರಲು ಬಿತ್ತು. ನನ್ನ ಮಾವನೂ ಹೋದ. ಅವಳ ಮೂವರೂ ಹೋದರು. ಕೂಗುತ್ತ ಕೂಗುತ್ತ ಅವಳ ದನಿಯೇ ಬಿದ್ದುಹೋಯಿತು. ಆಮೇಲೆ ಜೀವವಿರುವ ತನಕ ಅವಳು ಒಡಕು ದನಿಯಲ್ಲೇ ಮಾತಾಡಿದಳು.

ಸರಕಾರದವರು ಬಂದರು, ನೋಡಿದರು, ಒಂದು ತಗಡಿನ ಫಲಕ ನೆಟ್ಟು ಹೋದರು. "ಹತ್ತು ಜನರಿಗೆ ಮಾತ್ರ." ಓದಲು ಬರುವವರು ಓದಿ ಹತ್ತಿದರು, ಬಾರದವರು ಓದದೆ ಹತ್ತಿದರು. ಹತ್ತು ಎಂದರೆ ಹತ್ತೇ? ಕಂಕುಳಲ್ಲಿರುವ ಕೂಸು ಲೆಕ್ಕಕ್ಕಿಲ್ಲ, ತೆಳ್ಳಗಿರುವ ಮುದುಕಿ ಲೆಕ್ಕಕ್ಕಿಲ್ಲ, ಬೀಗರು ಬಂದರೆ ಅವರನ್ನು ಎಣಿಸುವುದು ಮರ್ಯಾದೆಯಲ್ಲ. ಸಂತೆಗೆ ಹೊರಟ ಆಡಿಗಂತೂ ಓದಲೂ ಬಾರದು. ಅಪ್ಪನ ಹುಟ್ಟು ಹಿಡಿದ ನನ್ನ ಗಂಡನಿಗೆ ಚೀರಿ ಚೀರಿ ಸಾಕಾಗುತ್ತಿತ್ತು.

ಮರುವರ್ಷದ ಮಳೆಗಾಲ. ಹರಿಗೋಲು ತುಂಬಿ ಅಂಚಿಗೆ ನಾಲ್ಕು ಬೆರಳು ಉಳಿದಿತ್ತು. ನನ್ನ ಗಂಡ ಇಳಿಯಿರಿ ಎನ್ನುತ್ತಿದ್ದ, ಅವರು ಆಕಾಶ ನೋಡುತ್ತಿದ್ದರು. ಗುತ್ತೆವ್ವ ಎಲ್ಲಿದ್ದಳೋ, ಸೀರೆ ಎತ್ತಿ ಕಟ್ಟಿಕೊಂಡು ಬಂದು ಆ ತುಂಬಿದ ಹರಿಗೋಲನ್ನೇ ಹತ್ತಿದಳು. ಎಲ್ಲರೂ ಬಾಯಿಗೆ ಬಂದಂತೆ ಬೈದರು. ಅವಳು ಒಂದು ಗಳಿಗೆ ಕುಳಿತಳು, ಎದ್ದಳು, ಇಳಿದಳು.

"ನಾ ಇಳಿದೆ ನೋಡ್ರಿ. ಎಲ್ಲಾ ನಾ ಹೊತಗೊಂಡೆ. ನನ್ನ ಮನ್ಯಾಗ ಇನ್ನ ಏನ ಉಳದೈತಿ ಆಕೀಗೆ ಒಯ್ಯಾಕ? ಈಗರ ಇಳೀರಿ."

ಐದು ಮಂದಿ ಇಳಿದರು, ಅದೂ ನಗುತ್ತ. ಅಂದಿನಿಂದ ಅದೇ ಅವಳ ಕೆಲಸವಾಯಿತು. ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವಳು. ಮಳೆಗಾಲದ ಸಂತೆಯ ದಿನ ಮಾತ್ರ ಕೂಲಿ ಬಿಟ್ಟು ನಮ್ಮ ಕಟ್ಟೆಗೆ ಬಂದು ಕೂರುವಳು. ಹರಿಗೋಲು ತುಂಬಿತೋ, ಹತ್ತುವಳು, ಇಳಿಯುವಳು. ಊರು ಅವಳನ್ನು ಇಳಿಯುವ ಗುತ್ತೆವ್ವ ಎಂದು ಕರೆಯಿತು. "ಗುತ್ತೆವ್ವಾ, ಬಾರ ಬೇ, ತಡಾ ಆಗಾಕತ್ತೈತಿ, ಇಳಿದ ಹೋಗು" ಎಂದು ತಮಾಷೆ ಮಾಡುವರು. ತಮಾಷೆಯೋ ತಮಾಷೆ! ಮುಂಡೆಯ ಮುಖ ನೋಡಬಾರದೆಂದು ಸೆರಗು ಮರೆ ಮಾಡಿಕೊಳ್ಳುತ್ತಿದ್ದ ಮುತ್ತೈದೆಯರೇ ಅವಳಿಗೆ ಜಾಗ ಮಾಡಿ ಕೂಡಿಸಿಕೊಳ್ಳುತ್ತಿದ್ದರು.

ಅವಳ ಮನೆಯಲ್ಲಿ ಏನೂ ಉಳಿದಿರಲಿಲ್ಲ ಎನ್ನುವುದು ಸುಳ್ಳು. ಆಡೂರಿನಲ್ಲಿ ತಂಗಿ ತೀರಿಕೊಂಡಾಗ ತಂಗಿಯ ಮಗಳು ಸರೋಜವ್ವನನ್ನು ಕರೆತಂದು ಸಾಕಿದ್ದಳು. ಮೂಳೆಚಕ್ಕಳವಾಗಿದ್ದ ಹುಡುಗಿಗೆ ತಾನು ಉಣ್ಣುವುದನ್ನು ಬಿಟ್ಟು ಉಣಿಸಿದಳು. ಆದರೆ ಒಮ್ಮೆಯೂ ಅವ್ವ ಎಂದು ಕರೆಸಿಕೊಳ್ಳಲಿಲ್ಲ. ಹುಡುಗಿ ಬಾಯಿ ತಪ್ಪಿ ಅಂದರೆ ಬಾಯಿಗೆ ಕೈ ಅಡ್ಡ ಹಿಡಿದು, "ದೊಡ್ಡವ್ವಾ ಅನ್ನು" ಎಂದು ತಿದ್ದುವಳು. ನಾನು ಕೇಳಿದೆ, ಯಾಕಕ್ಕಾ, ಆಸೆಯಿಂದ ಕರೆದರೆ ಕರೆಯಲಿ ಬಿಡು ಎಂದು. ಅವಳು ಹೊಳೆಯ ಕಡೆ ನೋಡಿ ದನಿ ಇಳಿಸಿ ಅಂದಳು:

"ಆಕೀ ಕಿವಿಗೆ ಬಿದ್ದೀತ, ಅಡಿವೆವ್ವಾ. ದೊಡ್ಡವ್ವ ಅಂದ್ರ ನನ್ನ ಮನಿ ಲೆಕ್ಕಕ್ಕ ಬರಂಗಿಲ್ಲ."

ನನಗೆ ನಗು ಬಂತು, ಆಮೇಲೆ ಅಳುವೂ ಬಂತು. ಇಷ್ಟು ಅಂಜುವವಳು ವಾರ ವಾರವೂ ಇಳಿಯುತ್ತಿದ್ದಳಲ್ಲ!

ಸರೋಜವ್ವನನ್ನು ಸವಣೂರಿನ ಹೂವಪ್ಪನಿಗೆ ಕೊಟ್ಟಳು. ಅವನು ಗೋವೆಯ ಕಡೆ ಗಣಿಯ ಕೆಲಸಕ್ಕೆ ಹೋಗುವವ, ಮನೆಯಲ್ಲಿ ಹಿರಿಯರೆಂಬವರು ಯಾರೂ ಇಲ್ಲ. ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಸರೋಜವ್ವ ಚೊಚ್ಚಲ ಬಸುರಿ, ಗಂಡ ಗೋವೆಯಲ್ಲೇ ಇದ್ದ. ದಿನ ತುಂಬಿರಲಿಲ್ಲ, ಮುಂದಿನ ವಾರ ಹೊಳೆ ಇಳಿದ ಮೇಲೆ ಬಾಣಂತನಕ್ಕೆ ಕರೆತರುವುದೆಂದು ಗುತ್ತೆವ್ವ ಬಾಣಂತಿಯ ಖಾರ ಕುಟ್ಟಿಸಿ ಇಟ್ಟಿದ್ದಳು.

ಆ ದಿನ ಬೆಳಿಗ್ಗೆ ಮೊದಲ ಸರತಿಗೆ ವೀಳ್ಯದೆಲೆಯ ವ್ಯಾಪಾರದ ಕುತುಬುದ್ದೀನ ಈಚೆ ಬಂದ. ಸರೋಜವ್ವನ ಮನೆಯ ಮಗ್ಗುಲಿನವನು. ಎಲೆಯ ಪೆಂಡಿ ಇಳಿಸುವುದಕ್ಕೂ ಮುಂಚೆ ಗುತ್ತೆವ್ವ ಎಲ್ಲಿ ಎಂದು ಕೇಳಿದ. ಅವಳು ನಮ್ಮ ಕಟ್ಟೆಯ ಮೇಲೇ ಇದ್ದಳು.

"ಗುತ್ತೆವ್ವಾ, ನಿನ್ನ ಹುಡಿಗೀಗೆ ಬ್ಯಾನಿ ಸುರು ಆಗ್ಯಾವು. ನಮ್ಮ ಮನ್ಯಾಕಿ ಅಖ್ತರುನ್ನೀಸಾ ದವಾಖಾನಿಗೆ ಒಯ್ದಾಳ. ಕೂಸು ಅಡ್ಡ ಕುಂತೈತಂತ. ಹುಬ್ಬಳ್ಳಿಗೆ ಒಯ್ದು ಹೊಟ್ಟಿ ಕೊಯ್ದು ತಗೀಬೇಕು ಅಂತಾರ. ಜೀಪು ತಯಾರ ಐತಿ, ಆದ್ರ ಮನಿ ಮಂದಿ ಯಾರರ ಬಂದು ಹ್ಞೂಂ ಅನ್ನೂತನಾ ಒಯ್ಯಂಗಿಲ್ಲಂತ. ಲಗೂನ ಹೋಗವ್ವಾ."

ಎಲೆ ಬಾಡುತ್ತದೆಂದು ಅವನು ಹಾನಗಲ್ಲಿನ ಗಾಡಿಗೆ ಪೆಂಡಿ ಏರಿಸಿ ಹೋದ. ಅವನದೇನು ತಪ್ಪು? ಬಂದು ಹೇಳಿದನಲ್ಲ, ಅದೇ ದೊಡ್ಡದು.

ಗುತ್ತೆವ್ವ ಹರಿಗೋಲಿನ ಕಡೆ ಓಡಿದಳು. ಅಂದು ಸಂತೆ. ಹದಿಮೂರು ಮಂದಿ ಆಗಲೇ ಏರಿ ಕುಳಿತಿದ್ದರು, ಪೂಜೆ ಆಗಿತ್ತು. ಹೊಳೆ ಕೆಂಪಗೆ ತುಂಬಿ ಮರದ ಬೊಡ್ಡೆಗಳನ್ನು ಹೊತ್ತು ಹೋಗುತ್ತಿತ್ತು. ಅವಳನ್ನು ಕಂಡು ಎಲ್ಲರ ಮುಖ ಅರಳಿತು.

"ಬಂದ್ಲು ನೋಡ್ರಪಾ ನಮ್ಮ ಇಳಿಯಾಕಿ!" ಎಂದು ಜೋಳದ ಚೀಲಗಳ ನಡುವೆ ಕುಳಿತಿದ್ದ ಪರಮೇಶ್ವರಪ್ಪ ಕೈ ನೀಡಿ ಹತ್ತಿಸಿಕೊಂಡ. ಅವನು ಊರಿನ ಹಿರಿಯ, ನಾಲ್ಕು ಎತ್ತಿನ ಒಕ್ಕಲುತನದವ.

ಅವಳು ಕುಳಿತಳು. ನೀರು ಅಂಚಿಗೆ ಮೂರು ಬೆರಳಿಗೆ ಬಂತು. ಕುಳಿತೇ ಇದ್ದಳು. ಏಳಲಿಲ್ಲ.

"ಅಕ್ಕಾ?" ಎಂದ ನನ್ನ ಗಂಡ.

"ಇವತ್ತ ನಾ ಇಳಿಯಂಗಿಲ್ಲ, ತಮ್ಮಾ. ಹುಟ್ಟ ಹಾಕು."

"ಹೆಂಗ ಹಾಕ್ಲಿ? ಇಂಥಾ ಹೊಳ್ಯಾಗ ಹತ್ತ ಮಂದೀನ ಹೆಚ್ಚು. ನಾಕ ಮಂದಿ ಇಳೀಬೇಕು."

ಆಗ ಅವಳು ಕುತುಬುದ್ದೀನ ಹೇಳಿದ್ದನ್ನೆಲ್ಲ ಹೇಳಿದಳು. ಹೇಳಿ ಕೈಮುಗಿದಳು. ಹೆಣ್ಣುಮಕ್ಕಳು ಅಯ್ಯೋ ಎಂದರು, ಪಾಪ ಎಂದರು, ಒಬ್ಬಳು ಕಣ್ಣೀರನ್ನೂ ಒರೆಸಿಕೊಂಡಳು. ಯಾರೂ ಇಳಿಯಲಿಲ್ಲ. ಚೀಲ ಇಳಿಸಿದರು. ಬುಟ್ಟಿ ಇಳಿಸಿದರು. ತಲೆಯ ಮೇಲಿನ ಸಿಂಬಿ ಕೂಡ ತೆಗೆದು ಎಸೆದರು, ಭಲೇ! ತಾವು ಮಾತ್ರ ಇಳಿಯಲಿಲ್ಲ.

"ಪರಮೇಶ್ವರಪ್ಪನವರ, ನೀವರ ಇಳೀರಿ. ನಿಮ್ಮ ಕಾಲ ಬೀಳ್ತೇನಿ," ಎಂದು ಅವಳು ನಿಜವಾಗಿಯೂ ಕಾಲು ಹಿಡಿದಳು.

"ಮಗಳ ಲಗ್ನ ನಿಂತೈತಿ ಬೇ ಗುತ್ತೆವ್ವಾ. ಮನಿಗೆ ಕಾಟ ಹೊತಗೊಂಡ ಹೆಂಗ ಹೋಗ್ಲಿ? ನೀನ ಹೇಳು," ಎಂದ ಅವನು. ಅವನ ಕಣ್ಣಲ್ಲಿಯೂ ನೀರಿತ್ತು, ಸುಳ್ಳು ಯಾಕೆ ಹೇಳಲಿ. ಒಬ್ಬನ ಎಳೆಗೂಸಿಗೆ ಮೈ ಬೆಚ್ಚಗಿತ್ತು. ಒಬ್ಬಳ ಗಂಡ ಎದೆನೋವೆಂದು ಮಲಗಿದ್ದ. ಒಬ್ಬನಿಗೆ ಇದ್ದದ್ದು ಒಬ್ಬಳೇ ತಾಯಿ. ಅವಳು ಒಬ್ಬೊಬ್ಬರ ಮುಂದೆಯೂ ಸೆರಗು ಒಡ್ಡಿದಳು, ಒಬ್ಬೊಬ್ಬರೂ ತಮ್ಮ ಮನೆಯ ಜೀವದ ಹೆಸರು ಹೇಳಿದರು. ಯಾರೂ ಕೆಟ್ಟವರಲ್ಲ. ಆದರೂ ಅಂದು ನನಗೆ ಹದಿಮೂರು ಮಂದಿಯ ಮೇಲೂ ಮೈಯೆಲ್ಲ ಉರಿ ಎದ್ದಿತ್ತು.

"ನಾ ಹತ್ತಿ ಇಳೀತೇನಿ, ತಡೀರಿ!" ಎಂದು ನಾನು ನೀರಿಗೆ ಕಾಲಿಟ್ಟೆ.

"ನಿಂದ ನಡಿಯಂಗಿಲ್ಲ ಬಿಡವಾ, ನಿನಗ ತವರಮನಿ ಅದು," ಎಂದರು.

ನನ್ನ ಗಂಡ ಪರಮೇಶ್ವರಪ್ಪನ ರಟ್ಟೆ ಹಿಡಿದು ಜಗ್ಗಿದ. ಅಂಬಿಗನು ಹಿರಿಯರ ಮೈಮುಟ್ಟಿ ಜಗ್ಗುವುದೆಂದರೇನು? ಗದ್ದಲ ಎದ್ದಿತು, ಹರಿಗೋಲು ಓಲಾಡಿ ಒಂದು ಕೊಡ ನೀರು ಒಳಗೆ ಬಂತು, ಅವನು ಕೈ ಬಿಟ್ಟ. "ಹಂಗಾರ ನಾ ಹುಟ್ಟ ಮುಟ್ಟಂಗಿಲ್ಲ" ಎಂದು ದಂಡೆಯಲ್ಲಿ ಕುಕ್ಕರಿಸಿದ. ಮುಟ್ಟಬೇಡ, ಕಾಯುತ್ತೇವೆ ಎಂದು ಅವರೂ ಕುಳಿತರು. ಹೊತ್ತು ಏರುತ್ತಿತ್ತು. ಹೊಳೆಯೂ ಏರುತ್ತಿತ್ತು. ಗುತ್ತೆವ್ವ ನಡುವೆ ನಿಂತು ಒಡಕು ದನಿಯಲ್ಲಿ ಕಿರುಚಿದಳು:

"ಎಂಟ ವರ್ಷ ನಿಮ್ಮ ಸಲುವಾಗಿ ಇಳಿದೇನಿ! ನನ್ನ ಮಗಳ ಸಲುವಾಗಿ ಒಬ್ಬರ ಇಳೀರೋ! ನನ್ನ ಮಗಳು ಅಲ್ಲಿ ಸಾಯಾಕತ್ತಾಳ!"

ಮಗಳು ಎಂದಳು. ಹೊಳೆಯ ನಡುವೆ ಅಲ್ಲದಿದ್ದರೂ ಹೊಳೆಯ ಮೇಲೆ ನಿಂತು ಎಂದಳು. ಎಂದವಳೇ ತಾನೇ ಬೆಚ್ಚಿಬಿದ್ದಳು. ಮುಖ ಬಿಳಿಚಿಕೊಂಡಿತು. ಸುತ್ತ ನೀರು ನೋಡಿದಳು.

ಆಮೇಲೆ ಅವಳು ಇಳಿದಳು. ಬೇರೆ ದಾರಿ ಏನಿತ್ತು? ಅವಳು ಇಳಿಯದೆ ಅವರು ಇಳಿಯರು, ಅವರು ಇಳಿಯದೆ ಹರಿಗೋಲು ಹೊರಡದು, ಹೊರಟರೂ ಅಷ್ಟು ಭಾರಕ್ಕೆ ಏನಾಗುತ್ತದೆಂದು ಅವಳಷ್ಟು ಬಲ್ಲವರು ಯಾರಿದ್ದರು? ಮೊಣಕಾಲುದ್ದ ನೀರಿನಲ್ಲಿ ನಿಂತು ನೀರನ್ನೇ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಸುಳ್ಳ ಹೇಳಿದೆ, ತಾಯೀ. ಆಕಿ ನನ್ನ ಮಗಳಲ್ಲ. ತಂಗೀ ಮಗಳು. ನಾ ದೊಡ್ಡವ್ವ, ಬರೇ ದೊಡ್ಡವ್ವ. ಯಾರನ್ನರ ಕೇಳು."

ಅವಳು ಇಳಿದದ್ದೇ ತಡ, ಹಿಂದಿನಿಂದ ಐದು ಮಂದಿ ಸರಸರ ಇಳಿದರು. ಎದೆನೋವಿನ ಗಂಡನವಳು ಇಳಿದಳು, ಒಬ್ಬಳೇ ತಾಯಿಯವನು ಇಳಿದ. ಈಗ ಒಳಗೆ ಎಂಟೇ ಮಂದಿ. ಜಾಗ ಆಯಿತು. ನನ್ನ ಗಂಡ ಎದ್ದು ಅವಳಿಗೆ ಕೈ ನೀಡಿದ.

"ಬಾ ಅಕ್ಕಾ, ಹತ್ತು."

"ಹತ್ತಬಾರ್ದು!" ಎಂದು ಎಂಟು ಬಾಯಿ ಒಮ್ಮೆಗೇ ಕೂಗಿದವು. "ಇಳದಾಕಿ ಮತ್ತ ಹತ್ತಬಾರ್ದು! ನಮ್ಮ ಮನಿ ಹಾಳ ಮಾಡ್ತೀ ಏನ?"

ಅವಳು ಕೇಳಲಿಲ್ಲ. ಹತ್ತಿದಳು.

ಹರಿಗೋಲಿನಲ್ಲಿ ಹಾವು ಬಿದ್ದರೂ ಮಂದಿ ಹಾಗೆ ಹಾರುತ್ತಿರಲಿಲ್ಲ. ಮುಂಜಾನೆಯಿಂದ ಕಾಲು ಹಿಡಿದರೂ ಇಳಿಯದವರು ಪಂಚೆ ತೊಯ್ಯುವುದನ್ನು ನೋಡದೆ, ಚಪ್ಪಲಿ ನೋಡದೆ, ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಪರಮೇಶ್ವರಪ್ಪ ಎಲ್ಲರಿಗಿಂತ ಮುಂದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹರಿಗೋಲಿನಲ್ಲಿ ಗುತ್ತೆವ್ವ ಒಬ್ಬಳೇ. ಅವಳು ಖಾಲಿ ಜಾಗ ನೋಡಿದಳು, ದಂಡೆಯ ಮೇಲಿನ ಮಂದಿಯನ್ನು ನೋಡಿದಳು.

ಅಂಥ ಸೆಳವಿನಲ್ಲಿ ಖಾಲಿ ಹರಿಗೋಲು ನಿಲ್ಲುವುದಿಲ್ಲ, ಬುಗುರಿಯಂತೆ ತಿರುಗುತ್ತದೆ. ದಂಡೆಗೆ ಇಳಿಸಿದ್ದ ಪರಮೇಶ್ವರಪ್ಪನ ಜೋಳದ ಚೀಲಗಳನ್ನು ನಾನು ಎಳೆದೆಳೆದು ಒಳಗೆ ಉರುಳಿಸಿದೆ. ಅವನು "ಏ, ಏ, ನನ್ನ ಜ್ವಾಳ!" ಎಂದ. "ನಿಮ್ಮ ಜ್ವಾಳಕ್ಕ ಮನಿ ಮಾರ ಇಲ್ಲರಿ, ಕಾಟಾ ಹತ್ತಂಗಿಲ್ಲ, ಅದು ದಾಟ್ತೈತಿ, ಸುಮ್ಮನ ನಿಂದರ್ರಿ" ಎಂದೆ. ನನ್ನ ಗಂಡ ಹುಟ್ಟು ಹಾಕಿದ. ಅರ್ಧ ಮೈಲಿ ಕೆಳಗೆ ತೇಲಿಹೋಗಿ ಅಂತೂ ಆಚೆ ಹತ್ತಿದರು. ಅವಳು ಕೆಸರಲ್ಲಿ ಬೀಳುತ್ತ ಏಳುತ್ತ ಸವಣೂರಿನ ಹಾದಿ ಹಿಡಿದದ್ದು ನನಗೆ ಇಲ್ಲಿಂದಲೇ ಕಂಡಿತು.

ಜೀಪು ಕಾಯುತ್ತಿತ್ತು. ಅವಳು ಹ್ಞೂಂ ಎಂದಳು, ಹೊರಟರು. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಸರೋಜವ್ವ ಉಳಿದಳು. ಕೂಸು ಗಂಡು, ಉಳಿಯಲಿಲ್ಲ. ಅಲ್ಲಿಯ ಡಾಕ್ಟರಮ್ಮ ಗುತ್ತೆವ್ವನನ್ನು ಬೈದಳಂತೆ, "ಒಂದು ತಾಸು ಮೊದಲ ತಂದಿದ್ರ ಕೂಸೂ ಉಳೀತಿತ್ತು, ಏನ ಮಾಡ್ತಿದ್ರಿ ಅಲ್ಲಿತನಕ?" ಎಂದು. ಏನು ಮಾಡುತ್ತಿದ್ದಳು? ಆ ಒಂದು ತಾಸು ಎಲ್ಲಿ ಹೋಯಿತೆಂದು ನಾನು ಬಲ್ಲೆ, ನನ್ನ ಗಂಡ ಬಲ್ಲ, ಆ ಹದಿಮೂರು ಮಂದಿ ಬಲ್ಲರು.

ಊರು ಬೇರೆಯೇ ಲೆಕ್ಕ ಹಾಕಿತು. ಗುತ್ತೆವ್ವ ಇಳಿದಳು, ಕೂಸು ಹೋಯಿತು, ಗಂಗವ್ವನ ಮಾತು ಸುಳ್ಳಾಗಲಿಲ್ಲ ಎಂದರು. ಅಷ್ಟೇ ಅಲ್ಲ, ಎಂಟು ವರ್ಷ ಹೊತ್ತುಕೊಂಡ ಕಾಟವನ್ನೆಲ್ಲ ಅವಳು ಮೈಮೇಲೆ ಇಟ್ಟುಕೊಂಡಿದ್ದಾಳೆ, ಮತ್ತೆ ಹತ್ತಿದ ದಿನ ಅದು ತಿರುಗಿ ಎದ್ದಿದೆ, ಇನ್ನು ಅವಳಿರುವ ಹರಿಗೋಲು ದಡ ಕಾಣುವುದಿಲ್ಲ ಎಂದರು. ಅವಳು ಕೇಳಿಯೂ ಕೇಳದಂತೆ ಇದ್ದಳು. ಒಂದು ಮಳೆಗಾಲವಿಡೀ ಕಡವಿಗೆ ಬರಲಿಲ್ಲ. ಮಂದಿ ಮತ್ತೆ ತುಂಬಿ ತುಂಬಿ ಹತ್ತಿದರು. ನನ್ನ ಗಂಡ ಹೋದಾಗಲೆಲ್ಲ ನಾನು ದಂಡೆಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ.

ಮುಂದಿನ ವರ್ಷ ಒಂದು ದಿನ ಹದಿನೈದು ಮಂದಿ ಏರಿದ್ದರು. ಗುತ್ತೆವ್ವ ಬೇಲಿಯ ಸಂದಿಯಿಂದ ಬಂದು ಸುಮ್ಮನೆ ಅಂಚಿನ ಮೇಲೆ ಒಂದು ಕಾಲಿಟ್ಟಳು. ಧಡಧಡ ಎಂದು ಹದಿನೈದೂ ಕೆಳಗೆ! ಕಾಟವೇ ಒಳಗೆ ಬಂದ ಮೇಲೆ ಇಳಿಯುವುದಕ್ಕೆ ಅಡ್ಡಿ ಏನು? ಅವಳು ಕಾಲು ತೆಗೆದು ದೂರ ನಿಂತಳು. "ನೀಲಪ್ಪಾ, ಎಣಿಸಿ ಹತ್ತಸ್ಕೋ" ಎಂದಳು. ಅವನು ಹೊಸದಾಗಿ ಪೂಜೆ ಮಾಡಿ ಎಣಿಸಿಯೇ ಹತ್ತಿಸಿಕೊಂಡ.

ಆಮೇಲೆ ಅದೇ ಅವಳ ಬದುಕಾಯಿತು. ಮಾರಿ ಎಂದರು. "ಹೌದ ನಾ ಮಾರೀನ, ಇಳೀರಿ" ಎನ್ನುವಳು. ಮಕ್ಕಳು ಕಲ್ಲು ಒಗೆದವು. ಕೂಲಿಗೆ ಕರೆಯುವುದನ್ನು ಬಿಟ್ಟರು, ಬಾವಿಯ ಹತ್ತಿರ ನಿಂತರೆ ಕೊಡ ಎತ್ತಿಕೊಂಡು ಹೋಗುವರು. ನಮ್ಮ ಮನೆಯ ರೊಟ್ಟಿಯೇ ಅವಳ ರೊಟ್ಟಿ. ಆದರೆ ನಮ್ಮ ಕಡವಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಸರೋಜವ್ವ ಬರಲಿಲ್ಲ. ಮೊದಮೊದಲು ಮೈಯಲ್ಲಿ ಬಲವಿಲ್ಲ ಎಂದು ಹೇಳಿಕಳಿಸಿದಳು. ಆಮೇಲೆ ಹೇಳಿಕಳಿಸುವುದನ್ನೂ ಬಿಟ್ಟಳು. ಎರಡನೆಯ ಬಸುರಿಗೆ ಉಡಿ ತುಂಬಲು ಗುತ್ತೆವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಎಲ್ಲ ಕಟ್ಟಿಕೊಂಡು ಹೋದಾಗ ಹೂವಪ್ಪ ಹೊಸ್ತಿಲಲ್ಲೇ ನಿಂತು, "ಬ್ಯಾಡ ಅಂತಾಳರಿ, ಅಂಜ್ತಾಳ. ತಪ್ಪ ತಿಳಕೋಬ್ಯಾಡ್ರಿ" ಎಂದನಂತೆ. ಅವಳು ಗಂಟು ತಂದು ನನಗೆ ಕೊಟ್ಟಳು. ನಾನು ಬೈದೆ, ಹಡೆದವಳಿಗಿಂತ ಹೆಚ್ಚಾಗಿ ಸಾಕಿದ್ದನ್ನು ಮರೆತಳಲ್ಲ ಎಂದು ಬಾಯಿಗೆ ಬಂದಂತೆ ಬೈದೆ. "ಬೈಬ್ಯಾಡ ಬೇ. ಒಂದ ಕಳಕೊಂಡಾಳ ಅದು," ಎಂದಳು.

ಎಂಬತ್ತಮೂರನೆಯ ಇಸವಿಯ ಮಳೆಗಾಲ. ಈ ದಂಡೆಯ ಇನ್ನೊಂದು ಊರಿಗೆ ನಾದಿನಿಯ ಮನೆಗೆ ಬಂದಿದ್ದ ಸರೋಜವ್ವ ಸವಣೂರಿಗೆ ತಿರುಗಿ ಹೊರಟಿದ್ದಳು. ಉಡಿಯಲ್ಲಿ ಮೂರು ತಿಂಗಳ ಹೆಣ್ಣುಕೂಸು. ಹರಿಗೋಲು ತುಂಬಿತ್ತು, ಹೊಳೆಯೂ ತುಂಬಿತ್ತು. ಗುತ್ತೆವ್ವ ನಮ್ಮ ಕಟ್ಟೆಯಿಂದ ಇಳಿದು ಹೋದವಳು ಅವಳನ್ನು ಕಂಡು ಅಲ್ಲೇ ನಿಂತಳು.

"ಇಬ್ಬರು ಮೂವರರ ಇಳೀರಿ," ಎಂದು ದೂರದಿಂದಲೇ ಕೇಳಿಕೊಂಡಳು. "ಕೈ ಮುಗೀತೇನಿ. ಇವತ್ತೊಂದ ದಿನ ನೀವ ಇಳೀರಿ."

ಯಾರೂ ಅಲುಗಲಿಲ್ಲ. ನನ್ನ ಗಂಡ ಹತ್ತಿರ ಬಂದು, "ಅಕ್ಕಾ, ಬಿಡು, ಹೆಂಗರ ದಾಟಸ್ತೇನಿ" ಎಂದು ಪಿಸುಗುಟ್ಟಿದ. ಅವಳು ಅಂಚಿನ ನೀರು ನೋಡಿದಳು. ಎರಡೇ ಬೆರಳು. ನೋಡಿ, ತುಟಿ ಕಚ್ಚಿಕೊಂಡು, ಹೋಗಿ ಕಾಲಿಟ್ಟಳು.

ಎಲ್ಲರಿಗಿಂತ ಮೊದಲು ಹಾರಿದವಳು ಸರೋಜವ್ವ. ಕೂಸಿನ ಮುಖದ ತುಂಬ ಸೆರಗು ಮುಚ್ಚಿ, ಎದೆಗೆ ಅವುಚಿಕೊಂಡು, ಹಿಂದೆ ತಿರುಗಿ ನೋಡದೆ ಮರಳಿನಲ್ಲಿ ಓಡಿದಳು. ದೊಡ್ಡವ್ವಾ ಎಂದು ಕೂಡ ಕರೆಯಲಿಲ್ಲ. ಗುತ್ತೆವ್ವ ಖಾಲಿ ಹರಿಗೋಲಿನ ಅಂಚು ಹಿಡಿದು ಅದನ್ನು ದಂಡೆಗೆ ಒತ್ತಿ ನಿಲ್ಲಿಸಿದಳು. ಆಮೇಲೆ ನನ್ನ ಗಂಡನಿಗೆ ಹೇಳಿದಳು:

"ಎಂಟ ಮಂದೀಗಿಂತ ಹೆಚ್ಚ ಬ್ಯಾಡ. ಕೂಸಿನ ತಾಯೀನ್ನ ಮೊದಲನೇ ಸರತಿಗೇ ಒಯ್ಯಿ, ನಡುವ ಕುಂದರ್ಸು. ನಾ ದೂರ ಹೋಗ್ತೇನಿ, ಆಕಿ ಅಂಜಬಾರ್ದು."

ಹೇಳಿ ಅವಳು ಹೊಲದ ಬದುವಿನ ಮೇಲೆ ಊರಿನ ಕಡೆ ನಡೆದಳು. ಸರೋಜವ್ವನನ್ನು ಕೂಡಿಸಿಕೊಂಡ ಹರಿಗೋಲು ಆಚೆ ದಂಡೆ ಮುಟ್ಟುವ ತನಕ ತಿರುಗಿ ನೋಡಲಿಲ್ಲ.